ಗುಜರಿ ಡ್ರಮ್ಮಿನಲ್ಲಿ ಮನೆಗೊಬ್ಬರ: ಮಂಗಳೂರು ಮಳೆಗೂ ಜಗ್ಗದ ತಿರುಗುವ ಡ್ರಮ್ ನೀವೇ ಮಾಡಿ

ಮಂಗಳೂರಿನಲ್ಲಿ ಗೊಬ್ಬರ ಗುಂಡಿ ತೋಡುವುದು ಸುಲಭ, ಮಳೆಗಾಲದಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರು ಇದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗ್ತದೆ. ಗುಂಡಿಯಲ್ಲಿ ನೀರು ನಿಂತರೆ ಗಾಳಿ ಆಡುವುದಿಲ್ಲ. ಗಾಳಿ ಆಡದಿದ್ದರೆ ಕಸ ಗೊಬ್ಬರ ಆಗುವ ಬದಲು ಕೊಳೆತು ನಾರ್ತದೆ. ಇದ್ದ ಸಾರವೂ ನೀರಿನ ಜೊತೆ ತೋಡು ಸೇರ್ತದೆ.

ಹಾಗಂತ ಅಡುಗೆಮನೆ ಕಸವನ್ನು ಕಾರ್ಪೊರೇಷನ್ ಗಾಡಿಗೆ ಕೊಟ್ಟು ಕೈತೊಳೆದುಕೊಂಡರೆ ಅದು ಎಲ್ಲಿಗೆ ಹೋಗ್ತದೆ ಅಂತ ನಮಗೆ ಗೊತ್ತು. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರಕ್ಕೆ ಇಳಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಮುಳುಗಿದವು, ಹಲವು ಕುಟುಂಬಗಳು ಮನೆ ಬಿಡಬೇಕಾಯಿತು. ನಗರದ ಹಸಿಕಸ ನಮ್ಮಂಥದ್ದೇ ಕೃಷಿಕರ ತೋಟವನ್ನು ನುಂಗಿದ ಘಟನೆ ಅದು. ಅದೇ ಹಸಿಕಸ ಮನೆಯಲ್ಲೇ ಉಳಿದರೆ ಗೊಬ್ಬರ.

ನಾನಿರುವುದು ಕುಲಶೇಖರದ ಹತ್ತಿರ, ಏಳು ಸೆಂಟ್ಸ್ ಜಾಗದಲ್ಲಿ. ತಾರಸಿ ಮೇಲೆ ಮಲ್ಲಿಗೆ, ಬಸಳೆ, ತೊಂಡೆ ಉಂಟು. ಬಂಟ್ವಾಳದ ಕಡೆ ಮನೆಯವರ ಅಡಿಕೆ ತೋಟ. ಈ ಜಾಗಕ್ಕೆ, ಈ ಮಳೆಗೆ ನಾನು ಮಾಡಿಕೊಂಡದ್ದು ಅಡ್ಡ ಮಲಗಿಸಿ ತಿರುಗಿಸುವ 200 ಲೀಟರ್ ಡ್ರಮ್. ಆನ್‌ಲೈನ್‌ನಲ್ಲಿ ಇದೇ ಗಾತ್ರದ್ದಕ್ಕೆ ನಾನು ನೋಡಿದ ಬೆಲೆ ನನ್ನ ಖರ್ಚಿನ ಮೂರು ಪಟ್ಟಿಗೂ ಹೆಚ್ಚು.

ಯಾವ ಡ್ರಮ್ ತರಬೇಕು?

ಬಂದರಿನ ಗುಜರಿ ಅಂಗಡಿಗಳಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಸಿಗ್ತದೆ. ಕೊಳ್ಳುವ ಮೊದಲು ಮೂರು ವಿಷಯ ನೋಡಿ.

ಒಂದು, ಒಳಗೆ ಏನಿತ್ತು? ಉಪ್ಪಿನಕಾಯಿ, ಖಾದ್ಯ ಎಣ್ಣೆ, ಹಣ್ಣಿನ ರಸ ಇದ್ದದ್ದಾದರೆ ಅಡ್ಡಿ ಇಲ್ಲ. ಕೀಟನಾಶಕ, ಬಣ್ಣ, ಆಸಿಡ್ ಇದ್ದ ಡ್ರಮ್ ಪುಕ್ಕಟೆ ಕೊಟ್ಟರೂ ಬೇಡ. ಲೇಬಲ್ ಕಿತ್ತು ಹಾಕಿದ ಡ್ರಮ್ಮನ್ನೂ ಬಿಡಿ. ಲೇಬಲ್ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು, ಆ ಹೆಸರನ್ನು ಗೂಗಲ್ ಮಾಡಿ ನೋಡಿಯೇ ದುಡ್ಡು ಕೊಡಿ.

ಎರಡು, ತಳದಲ್ಲಿ ತ್ರಿಕೋನದೊಳಗೆ 2 ಅಂತ ಇದೆಯಾ? ಅದು ಎಚ್‌ಡಿಪಿಇ, ಗಟ್ಟಿ ಪ್ಲಾಸ್ಟಿಕ್.

ಮೂರು, ಕಬ್ಬಿಣದ ಡ್ರಮ್ ಬೇಡ. ಕಡಲ ಗಾಳಿಗೂ ಹಸಿಕಸದ ಹುಳಿಗೂ ಬೇಗ ತುಕ್ಕು ಹಿಡಿಯುತ್ತದೆ. ಇನ್ನೊಂದು ಅಪಾಯವೂ ಉಂಟು: ಎಣ್ಣೆ, ಥಿನ್ನರ್ ಇದ್ದ ಖಾಲಿ ಕಬ್ಬಿಣದ ಡ್ರಮ್ಮಿಗೆ ಗ್ಯಾಸ್ ಕಟ್ಟರ್ ಹಿಡಿದರೆ ಒಳಗೆ ಉಳಿದ ಆವಿ ಸ್ಫೋಟಿಸಬಹುದು.

ಮಾಡುವ ಕ್ರಮ

1. ಡ್ರಮ್ಮನ್ನು ಸೋಪು ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಡಿ.

2. ಮೇಲಿನ ಮತ್ತು ಕೆಳಗಿನ ಮುಖದ ಸರಿಯಾದ ನಡುವನ್ನು ಗುರುತು ಮಾಡಿ. ನಡು ಒಂದಿಂಚು ತಪ್ಪಿದರೂ ಡ್ರಮ್ ಒಂದು ಕಡೆಗೇ ವಾಲುತ್ತದೆ. ಒಂದೂಕಾಲು ಇಂಚಿನ ಜಿಐ ಪೈಪ್ ಸಲೀಸಾಗಿ ತೂರುವಷ್ಟು ದೊಡ್ಡ ತೂತು ಮಾಡಿಸಿ. ಈ ಪೈಪಿನ ಹೊರವ್ಯಾಸ 42 ಮಿ.ಮೀ. ಇರುವುದರಿಂದ ತೂತು 45 ಮಿ.ಮೀ. ಇರಲಿ.

3. ತೂತಿನ ಸುತ್ತ ಆರಿಂಚು ಚೌಕದ ಕಬ್ಬಿಣದ ಪ್ಲೇಟಿಗೆ ಅದೇ ಅಳತೆಯ ತೂತು ಮಾಡಿ, ಹೊರಗಿನಿಂದ ನಾಲ್ಕು ಬೋಲ್ಟ್ ಹಾಕಿ ಬಿಗಿಯಿರಿ. ಮುಕ್ಕಾಲು ತುಂಬಿದ ಡ್ರಮ್ 80ರಿಂದ 100 ಕೆಜಿ ತೂಗಬಹುದು. ಪ್ಲೇಟ್ ಇಲ್ಲದಿದ್ದರೆ ಪೈಪ್ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಹರಿಯುತ್ತದೆ.

4. ಹೊಟ್ಟೆಯ ಭಾಗದಲ್ಲಿ ಒಂದಡಿ ಅಗಲ, ಒಂದಡಿ ಎತ್ತರದ ಬಾಗಿಲು ಕೊಯ್ಯಿರಿ. ಕೊಯ್ದ ತುಂಡೇ ಬಾಗಿಲು. ಎರಡು ತಿರುಗಣೆ, ಎರಡು ಚಿಲಕ ಸಾಕು.

5. ಬಾಗಿಲು ಕೊಯ್ದ ಮೇಲೆ ಅದರ ಮೂಲಕ ಕೈ ಹಾಕಿ, ಒಳಗೆ ಉದ್ದಕ್ಕೆ ಮೂರು ಪಿವಿಸಿ ಪಟ್ಟಿ ಬೋಲ್ಟ್ ಮಾಡಿ. ತಿರುಗಿಸುವಾಗ ಕಸವನ್ನು ಎತ್ತಿ ಬೀಳಿಸುವುದು ಇವೇ.

6. ಗಾಳಿ ತೂತುಗಳನ್ನು ಎರಡು ತುದಿಯ ಮುಖಗಳಲ್ಲಿ ಮಾತ್ರ ಮಾಡಿ. ಒಂದೊಂದು ಮುಖಕ್ಕೆ 8 ಮಿ.ಮೀ.ನ ಇಪ್ಪತ್ತು ತೂತು. ಒಳಗಿನಿಂದ ಸೊಳ್ಳೆ ಬಲೆ ಅಂಟಿಸಿ. ಹೊಟ್ಟೆಯ ಮೇಲೆಲ್ಲಾ ತೂತು ಕೊರೆದ ಡ್ರಮ್ ಬಯಲುಸೀಮೆಗೆ ಆಗಬಹುದು, ನಮ್ಮ ಮಳೆಗೆ ಆಗುವುದಿಲ್ಲ. ಬಾಗಿಲಿನ ಎದುರು ಬದಿಯಲ್ಲಿ ಮಾತ್ರ ನೀರು ಇಳಿಯಲು ನಾಲ್ಕು ಸಣ್ಣ ತೂತು ಇರಲಿ.

7. ಎರಡೂ ಕಡೆ ಎಕ್ಸ್ ಆಕಾರದ ಸ್ಟ್ಯಾಂಡ್, ಹಳೇ ಆಂಗಲ್ ಕಬ್ಬಿಣದ್ದು. ಡ್ರಮ್ಮಿನ ಕೆಳಗೆ ಬುಟ್ಟಿ ಇಡುವಷ್ಟು ಜಾಗ ಬಿಡಿ. ಪೈಪ್ ಸ್ಟ್ಯಾಂಡಿಗೆ ಕೂತಿರಬೇಕು, ಡ್ರಮ್ ಪೈಪಿನ ಸುತ್ತ ತಿರುಗಬೇಕು. ಇಡೀ ಡ್ರಮ್ಮಿನ ಮೇಲೆ ಎರಡು ತಗಡು ಶೀಟು ಹಾಕಿ.

ನನಗಾದ ಖರ್ಚು

ಡ್ರಮ್ 900, ಪೈಪ್ 450, ತಿರುಗಣೆ-ಚಿಲಕ-ಬೋಲ್ಟ್ 250, ಪ್ಲೇಟ್ 150, ಬಲೆ 80, ಡ್ರಿಲ್ ಬಾಡಿಗೆ 400, ಸ್ಟ್ಯಾಂಡಿನ ಕಬ್ಬಿಣ ಮತ್ತು ವೆಲ್ಡಿಂಗ್ 600. ಒಟ್ಟು 2,830 ರೂಪಾಯಿ. ಪಿವಿಸಿ ಪಟ್ಟಿ, ತಗಡು ಶೀಟು ಮನೆಯಲ್ಲೇ ಇತ್ತು. ಎರಡನೇ ಡ್ರಮ್ಮಿಗೆ ಡ್ರಿಲ್ ಬಾಡಿಗೆ ಇಲ್ಲ, ನಡುವಿನ ಸ್ಟ್ಯಾಂಡ್ ಎರಡಕ್ಕೂ ಒಂದೇ. ಹಾಗಾಗಿ ಸುಮಾರು 2,100ಕ್ಕೆ ಮುಗಿಯಿತು.

ಎರಡು ಡ್ರಮ್ ಯಾಕೆ ಅಂದರೆ, ಒಂದೇ ಇದ್ದರೆ ಹಳೇ ಕಸ ಹಣ್ಣಾಗುವ ಮೊದಲೇ ದಿನಾ ಹೊಸ ಕಸ ಬೀಳ್ತದೆ, ಗೊಬ್ಬರ ಯಾವತ್ತೂ ತಯಾರಾಗುವುದಿಲ್ಲ. ಒಂದು ತುಂಬುವಾಗ ಇನ್ನೊಂದು ಹಣ್ಣಾಗಬೇಕು.

ತುಂಬುವ ರೀತಿ

ಮೊದಲು ಮೂರು ಬಕೆಟ್ ತರಗೆಲೆ ಅಥವಾ ತೆಂಗಿನ ನಾರಿನ ಹುಡಿ, ಅದರ ಮೇಲೆ ಎರಡು ಕೆಜಿ ಹಸಿ ಸೆಗಣಿ. ಆಮೇಲೆ ದಿನದ ಕಸ. ನಮ್ಮ ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕೆಜಿ ಆಗ್ತದೆ. ಒಂದು ಪಾತ್ರೆ ಹಸಿ ಕಸ ಹಾಕಿದರೆ ಅದೇ ಪಾತ್ರೆಯಲ್ಲಿ ಎರಡು ಪಾತ್ರೆ ಒಣ ಕಸ ಹಾಕ್ಬೇಕು. ಸೂಕ್ಷ್ಮಾಣುಗಳಿಗೆ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಬೇಕು. ತರಕಾರಿ ಸಿಪ್ಪೆ, ಅನ್ನ, ಮೀನಿನಲ್ಲಿ ಸಾರಜನಕ ಹೆಚ್ಚು. ತರಗೆಲೆ, ಮರದ ಹುಡಿ, ನಾರಿನ ಹುಡಿಯಲ್ಲಿ ಇಂಗಾಲ ಹೆಚ್ಚು.

ಎರಡು-ಮೂರು ದಿನಕ್ಕೊಮ್ಮೆ ನಾಲ್ಕೈದು ಸುತ್ತು ತಿರುಗಿಸಿ. ಮರೆತು ಹೋಗ್ತದೆ ಅಂತಾದರೆ ಮೊಬೈಲಿನಲ್ಲಿ ರಿಮೈಂಡರ್ ಇಡಿ. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಕಸ ಉರುಳಲು ಜಾಗ ಬೇಕು. ಸುಮಾರು 45 ದಿನ ತುಂಬುವುದು, ಇನ್ನು 45 ದಿನ ಬಾಗಿಲು ಮುಚ್ಚಿ ತಿರುಗಿಸುವುದು. ಆಮೇಲೆ ಗೋಣಿಗೆ ತುಂಬಿ ನೆರಳಲ್ಲಿ ಮೂರು ವಾರ ಇಟ್ಟರೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ.

ಮಳೆಗಾಲದ ಗುಟ್ಟು ಬೇಸಿಗೆಯಲ್ಲಿ ಉಂಟು. ಜುಲೈಯಲ್ಲಿ ಒಣ ತರಗೆಲೆ ಎಲ್ಲಿಂದ ತರ್ತೀರಿ? ಜನವರಿಯಿಂದ ಮಾರ್ಚ್ ಒಳಗೆ ಏಳೆಂಟು ಗೋಣಿ ಒತ್ತಿ ತುಂಬಿ ಮಾಡಿನ ಅಡಿ ಇಟ್ಟುಬಿಡಿ, ನಾಲ್ಕು ತಿಂಗಳ ಮಳೆ ಕಳೆಯುತ್ತದೆ.

ತೊಂದರೆ ಬಂದರೆ

ನಾತ: ನೀರು ಹೆಚ್ಚಾಗಿದೆ. ಒಂದು ಹಿಡಿ ಹಿಂಡಿ ನೋಡಿ. ನೀರು ಸುರಿದರೆ ಒಣ ಕಸ ಹಾಕಿ ತಿರುಗಿಸಿ. ಹಿಂಡಿದಾಗ ಒಂದೆರಡು ಹನಿ ಬಂದರೆ ಹದ ಸರಿ.

ಬಿಳಿ-ಕಂದು ದಪ್ಪ ಹುಳ: ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಚ್ಚುವುದಿಲ್ಲ, ಕಸ ಬೇಗ ಕರಗಿಸ್ತದೆ. ಕೋಳಿ ಇದ್ದರೆ ಅವಕ್ಕೆ ಹಬ್ಬ.

ಮೀನು: ಬಂಗುಡೆ, ಬೂತಾಯಿ ತಲೆ-ಮುಳ್ಳು ಒಂದು ಹಿಡಿಯಷ್ಟನ್ನು ಮರದ ಹುಡಿಯಲ್ಲಿ ಹೊರಳಿಸಿ ನಡುವಿಗೆ ಹಾಕಬಹುದು. ಹೆಚ್ಚಿದ್ದರೆ ತೆಂಗಿನ ಬುಡದಲ್ಲಿ ಆಳಕ್ಕೆ ಹೂಳುವುದೇ ಒಳ್ಳೆಯದು.

ಇಲಿ: ಬಾಗಿಲು ಬಿಗಿಯಾಗಿರಲಿ. ನಮ್ಮಲ್ಲಿ ಇಲಿಜ್ವರದ ಭಯ ಇರುವುದರಿಂದ ಗೊಬ್ಬರ ಮುಟ್ಟುವಾಗ ಕೈಗವಸು ಹಾಕಿ, ಕಾಲಲ್ಲಿ ಗಾಯ ಇದ್ದರೆ ಬೂಟು ಹಾಕಿ.

ಇದಕ್ಕೆಲ್ಲ ಮಿಗಿಲಾದ ಒಂದು ಎಚ್ಚರಿಕೆ: ಕೊಳೆರೋಗ ತಗುಲಿದ ಅಡಿಕೆ, ಸೊರಗು ರೋಗದ ಕಾಳುಮೆಣಸು ಬಳ್ಳಿಯನ್ನು ಈ ಡ್ರಮ್ಮಿಗೆ ಹಾಕಲೇಬೇಡಿ. ರೋಗಾಣು ಸಾಯಲು ಗೊಬ್ಬರದ ರಾಶಿ ಕೆಲವು ದಿನ 55 ಡಿಗ್ರಿಗಿಂತ ಮೇಲೆ ಕಾಯಬೇಕು. 200 ಲೀಟರ್ ಅಂದರೆ ಒಂದು ಘನ ಮೀಟರಿನ ಐದನೇ ಒಂದು ಭಾಗ. ಇಷ್ಟು ಸಣ್ಣ ರಾಶಿಯಲ್ಲಿ ಆ ಬಿಸಿ ನಿಲ್ಲುತ್ತದೆ ಅಂತ ನಂಬುವ ಹಾಗಿಲ್ಲ.

ಲಾಭ ಎಷ್ಟು, ಯಾರಿಗೆ?

ಒಂದು ಡ್ರಮ್ಮಿನಿಂದ ಒಂದು ಸರ್ತಿಗೆ ನನಗೆ 20 ಕೆಜಿ ಮೇಲೆ ಗೊಬ್ಬರ ಸಿಗ್ತದೆ. ಎರಡು ಡ್ರಮ್ಮಿಂದ ವರ್ಷಕ್ಕೆ ಎಂಟು ಸರ್ತಿ, ಅಂದರೆ ಸುಮಾರು 170 ಕೆಜಿ. ತಾರಸಿಗೆ ಮೊದಲು ಕೊಳ್ಳುತ್ತಿದ್ದ ಚೀಲದ ಗೊಬ್ಬರ ಕೆಜಿಗೆ 15 ರೂಪಾಯಿ ಬೀಳ್ತಿತ್ತು. ಆ ಲೆಕ್ಕದಲ್ಲಿ ವರ್ಷಕ್ಕೆ 2,550 ರೂಪಾಯಿ. ಹಾಕಿದ ದುಡ್ಡು ಎರಡು ವರ್ಷದಲ್ಲಿ ವಾಪಸ್.

ಅಡಿಕೆ ತೋಟಕ್ಕೂ ಇದೇ ಸಾಕಾ ಅಂತ ಕೇಳುವವರು ಈ ಲೆಕ್ಕ ನೋಡಿ. ಕಾಸರಗೋಡಿನ ಸಿಪಿಸಿಆರ್‌ಐ ಶಿಫಾರಸಿನಂತೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕೆಜಿ ಸೊಪ್ಪು, 12 ಕೆಜಿ ಕಾಂಪೋಸ್ಟ್ ಬೇಕು. ನಮ್ಮ 170 ಕೆಜಿ ಹದಿನಾಲ್ಕು ಮರಕ್ಕೆ ಮುಗಿಯಿತು! ಐನೂರು ಮರದ ತೋಟಕ್ಕೆ ಹತ್ತಿಪ್ಪತ್ತು ಡ್ರಮ್ ಮಾಡಲು ಹೊರಟರೆ ದುಡ್ಡು ದಂಡ. ಅಲ್ಲಿಗೆ ಹಟ್ಟಿಗೊಬ್ಬರವೇ ಸರಿ, ಮಾಡು ಇರುವ ಗೊಬ್ಬರದ ಗುಂಡಿಯೇ ಸರಿ.

ಡ್ರಮ್ ಗೊಬ್ಬರದ ಜಾಗ ಬೇರೆ: ತಾರಸಿಯ ಮಲ್ಲಿಗೆ ಕುಂಡ, ಬಸಳೆ ಬುಡ, ತರಕಾರಿ ಸಾಲು, ಕಾಳುಮೆಣಸಿನ ನರ್ಸರಿ ಚೀಲ. ಎರಡು ಭಾಗ ಮಣ್ಣು, ಒಂದು ಭಾಗ ಮರಳು, ಒಂದು ಭಾಗ ಹಟ್ಟಿಗೊಬ್ಬರ ಬೆರೆಸುವ ನರ್ಸರಿ ಮಿಶ್ರಣದಲ್ಲಿ ಹಟ್ಟಿಗೊಬ್ಬರದ ಜಾಗಕ್ಕೆ ನಾನು ಇದನ್ನೇ ಬಳಸುತ್ತೇನೆ. ಚೆನ್ನಾಗಿ ಹಣ್ಣಾದ, ಜರಡಿ ಹಿಡಿದ ಗೊಬ್ಬರ ಮಾತ್ರ ಬಳಸಿ.

ಈ ಎರಡು ಡ್ರಮ್ ವರ್ಷಕ್ಕೆ ಸುಮಾರು 365 ಕೆಜಿ ಹಸಿಕಸವನ್ನು ಪಚ್ಚನಾಡಿಯ ದಾರಿ ಹಿಡಿಯದಂತೆ ತಡೆಯುತ್ತವೆ. ಮಂದಾರದಲ್ಲಿ ತೋಟ ಇದ್ದವರಿಗೆ ಅದರ ಬೆಲೆ ಗೊತ್ತು. ಈಗ ಮಳೆ ಇಲ್ಲದ ಭಾನುವಾರ ನೋಡಿ ಗುಜರಿ ಅಂಗಡಿಗೆ ಒಂದು ಸುತ್ತು ಹಾಕಿ ಬನ್ನಿ. ಅಳತೆ ಟೇಪ್ ಜೊತೆಗಿರಲಿ, ಲೇಬಲ್ ನೋಡಲು ಮರೆಯಬೇಡಿ.