ಮೇಳದ ಆಹ್ವಾನ ಬಂತು, ವೀಸಾಕ್ಕೆ ಏನು ಮಾಡಬೇಕು?

ಸೀರೆಯಾಚೆ ಹೊಸ ಮಾರುಕಟ್ಟೆ ಹುಡುಕುವ ರಬಕವಿ-ಬನಹಟ್ಟಿಯ ಮಗ್ಗದ ಮಾಲೀಕರಿಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಪ್ರತಿ ಜನವರಿ ನಡೆಯುವ ಮನೆಬಳಕೆ ಬಟ್ಟೆಗಳ ಮೇಳ ಹೈಮ್‌ಟೆಕ್ಸ್‌ಟಿಲ್ ಇದೆ. ಮುಧೋಳ, ಜಮಖಂಡಿಯ ಬೆಲ್ಲದ ವ್ಯಾಪಾರಿಗಳಿಗೆ ದುಬೈನ ಆಹಾರ ಮೇಳ ಗಲ್‌ಫುಡ್ ಇದೆ. ಆದರೆ ಆಹ್ವಾನ ಪತ್ರವಾಗಲಿ, ಮಳಿಗೆಗೆ ಹಣ ಕಟ್ಟಿದ ರಸೀದಿಯಾಗಲಿ ವೀಸಾ ಅಲ್ಲ. ವೀಸಾ ಕೇಳಲು ಆಧಾರ ಮಾತ್ರ. ಮೇಳದ ದಿನದಿಂದ ಹಿಂದಕ್ಕೆ ಎಣಿಸಿ, ಐದಾರು ತಿಂಗಳು ಮೊದಲೇ ಕೆಲಸ ಹಿಡಿಯಿರಿ.

ಮೊದಲು ಹೆಸರು

ನಮ್ಮ ಕಡೆ ಆಧಾರ್‌ನಲ್ಲಿ ಬರೀ ಹೆಸರು, ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು, ಅಡ್ಡಹೆಸರು ಎಲ್ಲ ಇರುವುದುಂಟು. ಪಾಸ್‌ಪೋರ್ಟ್ ಅರ್ಜಿಗೆ ಮುಂಚೆ ಎಲ್ಲ ಒಂದೇ ರೀತಿ ಆಗಲಿ. ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಅಡ್ಡಹೆಸರಿಲ್ಲದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ದುಬೈ ಸೇರಿರುವ ಯುಎಇ 2022ರ ನವೆಂಬರ್‌ನಲ್ಲಿ ತಡೆ ಹಾಕಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗಬಹುದು ಎಂದು ಬಳಿಕ ಸಡಿಲಿಸಿತು.

36 ಪುಟಗಳ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ತತ್ಕಾಲ್‌ಗೆ ಇನ್ನೂ 2,000. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಪಡೆಯಬಹುದು. ಮನೆ ಬೀಳಗಿಯಲ್ಲಿದ್ದರೆ ಪೊಲೀಸ್ ಪರಿಶೀಲನೆ ಬೀಳಗಿ ಠಾಣೆಯಿಂದಲೇ.

ಫ್ರಾಂಕ್‌ಫರ್ಟ್‌ಗೆ ಷೆಂಗೆನ್

ಜರ್ಮನಿಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ. ವಯಸ್ಕರಿಗೆ ಶುಲ್ಕ 90 ಯೂರೊ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಪ್ರಯಾಣಕ್ಕೆ ಕನಿಷ್ಠ 15 ದಿನ ಇರುವಾಗಲೇ ಹಾಕಿರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗಿನದಾಗಿರಬೇಕು, ಯುರೋಪ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. 30,000 ಯೂರೊ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ.

ಅರ್ಜಿ ನೋಡುವವರ ಮುಖ್ಯ ಪ್ರಶ್ನೆ: ಈತ ಮರಳಿ ಊರಿಗೆ ಬರುತ್ತಾನೆಯೇ? ಮಗ್ಗಗಳ ಜಿಎಸ್‌ಟಿ ಮತ್ತು ಉದ್ಯಮ್ ನೋಂದಣಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಖಾತೆಯ ವಿವರ, ಹೊಲದ ಉತಾರ ಇದಕ್ಕೆ ಉತ್ತರ ಕೊಡುತ್ತವೆ. ಅರ್ಜಿಗೆ ಮುಂಚೆ ಯಾರದೋ ದೊಡ್ಡ ಮೊತ್ತ ಖಾತೆಗೆ ಹಾಕಿಸಿದರೆ ಅನುಮಾನವೇ ಹೆಚ್ಚು.

ಮಾದರಿ ಬಟ್ಟೆಗಳು

ಪ್ರದರ್ಶನಕ್ಕೆ ಒಯ್ದು ಮರಳಿ ತರುವ ಸರಕಿಗೆ ಎಟಿಎ ಕಾರ್ನೆಟ್ ಎಂಬ ಪತ್ರವಿದೆ. ಭಾರತದಲ್ಲಿ ಇದನ್ನು ವಾಣಿಜ್ಯೋದ್ಯಮ ಸಂಘಟನೆ ಫಿಕ್ಕಿ ಕೊಡುತ್ತದೆ. ಇದಿದ್ದರೆ ಅಲ್ಲಿ ಆಮದು ಸುಂಕ ಕಟ್ಟಬೇಕಿಲ್ಲ. ಅಲ್ಲೇ ಮಾರುವ ಸರಕಿಗೆ ಇದು ಸಲ್ಲದು.

ವಿಮಾನ ನಿಲ್ದಾಣದಲ್ಲಿ

ವೀಸಾ ಇದ್ದರೂ ಒಳಗೆ ಬಿಡುವುದು ವಲಸೆ ಅಧಿಕಾರಿಯ ನಿರ್ಧಾರ. ಆಹ್ವಾನ, ಹೋಟೆಲ್, ಮರಳುವ ಟಿಕೆಟ್, ವಿಮೆಯ ಪ್ರತಿಗಳು ಕೈಚೀಲದಲ್ಲೇ ಇರಲಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುಖಚಿತ್ರ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಉಳಿದ ದಿನಗಳ ಲೆಕ್ಕವೂ ಅದರಲ್ಲೇ ಸಿಗುತ್ತದೆ. ಹೀಗಾಗಿ ಯಾವುದೇ 180 ದಿನಗಳಲ್ಲಿ 90 ದಿನ ಎಂಬ ಮಿತಿ, ವೀಸಾದಲ್ಲಿ ಬರೆದ ದಿನಗಳು ಎರಡನ್ನೂ ಮೀರಬೇಡಿ. ದುಬೈಗೂ ಹೊರಡುವ ಮೊದಲೇ ವೀಸಾ ಮಾಡಿಸಿಕೊಳ್ಳಿ. ಪಾಸ್‌ಪೋರ್ಟಿಗೆ ಆರು ತಿಂಗಳು ಅವಧಿ ಉಳಿದಿರಲಿ.

"ವೀಸಾ ಗ್ಯಾರಂಟಿ" ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಆ ಗ್ಯಾರಂಟಿ ಕೊಡುವ ಅಧಿಕಾರ ಅವರಿಗಿಲ್ಲ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಈ ಮೇಳವಷ್ಟೇ ಅಲ್ಲ, ಮುಂದಿನ ಅರ್ಜಿಗಳೂ ಕೆಡುತ್ತವೆ. ನಿಮ್ಮ ದುಡಿಮೆಯ ನಿಜವಾದ ದಾಖಲೆಗಳನ್ನೇ ಅಚ್ಚುಕಟ್ಟಾಗಿ ಜೋಡಿಸಿ ಕೊಡಿ.