ರಾತ್ರಿ ಪಾಳಿ, ಬೆಳಗಿನ ಪಾಠ

ಬೆಳಗ್ಗೆ ಎಂಟು ಗಂಟೆ. ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ಮಗಳ ಜಡೆ ಹೆಣೆಯುತ್ತಲೇ ಬಾಯಲ್ಲಿ ಲೆಕ್ಕ ಹಾಕುತ್ತಾಳೆ: 500 ಎಂಎಲ್ ಸಲೈನ್, 8 ಗಂಟೆ, ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು? ಸುಮಾರು 21. ಒಂಬತ್ತೂವರೆಗೆ ಅಮ್ಮನಿಗೇ ಕ್ಲಾಸು.

3 ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು ಮುಂದೆ ಪದವಿಗಾಗಿ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದುತ್ತಾರೆ. ಎಂಎಸ್ಸಿಗೆ ದಾರಿ ತೆರೆಯುವುದು ಇದೇ.

ಬಿಗಿ ಇರುವುದು ಹಾಜರಾತಿಯಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು. ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕ ತರಬೇತಿ ಶೇ 100 ಆಗಿರಬೇಕು. ಮಗುವಿಗೆ ಜ್ವರ ಬಂದು ತಪ್ಪಿಹೋದ ವಾರ್ಡಿನ ದಿನವನ್ನೂ ಆಮೇಲೆ ತುಂಬಿಕೊಡಬೇಕು. ನಿಯಮ ಸರಿಯೇ. ಗಡಿಯಾರ ನೋಡುತ್ತಾ ಹನಿ ಎಣಿಸುವುದನ್ನು ಪುಸ್ತಕ ಕಲಿಸದು. ಆದರೆ ಪಾಳಿಪಟ್ಟಿಯನ್ನು ಹಿಂದಿನ ಸಂಜೆ ಕೈಗಿಡುವುದು ತಪ್ಪು. ತಿಂಗಳ ಮುಂಚೆ ಕೊಟ್ಟರೆ ಗಂಡನಿಗೋ ಅತ್ತೆಗೋ ಪಕ್ಕದ ಮನೆಯವರಿಗೋ ಹೇಳಿಟ್ಟುಕೊಳ್ಳಬಹುದು.

ಓದಿಗೆ ಬೇರೆ ಬಿಡುವಿಲ್ಲದೆ, ಪಾಠವನ್ನು ತಾವೇ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬಸ್ಸಿನಲ್ಲಿ ಕೇಳುವವರಿದ್ದಾರೆ. ರಾತ್ರಿ, ಮಗಳು ಮಗ್ಗಿ ಬರೆಯುವ ಮೇಜಿನ ಇನ್ನೊಂದು ತುದಿಯಲ್ಲಿ ಅಮ್ಮನ ಕೇರ್ ಪ್ಲಾನ್ ಹರಡಿರುತ್ತದೆ.