ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಕಡಲಿಗೆ ತೆತ್ತ ಲೆಕ್ಕ

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ನಾನು ಇತಿಹಾಸದ ಮೇಷ್ಟ್ರಾಗಿದ್ದಾಗ ಮೈಸೂರಿನಿಂದ ವರ್ಷವರ್ಷವೂ ಮಕ್ಕಳನ್ನು ಅದರ ಮುಂದೆ ನಿಲ್ಲಿಸುತ್ತಿದ್ದೆ. ಕೆಂಪಂಗಿಯ ಸೈನಿಕರನ್ನು ನೋಡಿ, “ಇವರೆಲ್ಲ ಅಷ್ಟು ದೂರದಿಂದ ಹೇಗೆ ಬಂದರು ಸಾರ್?” ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಹಡಗಿನಲ್ಲಿ ಬಂದರು ಎಂದುಬಿಟ್ಟರೆ ಸಾಲದು. ಬಂದವರೆಷ್ಟು, ದಾರಿಯಲ್ಲೇ ಸತ್ತವರೆಷ್ಟು ಎಂಬುದನ್ನೂ ಹೇಳಬೇಕು.

ಪೊಳ್ಳಿಲೂರಿನ ಮರುವರ್ಷ, ಹೈದರಾಲಿಯ ಮೇಲಿನ ಯುದ್ಧ ಇನ್ನೂ ನಡೆದಿದ್ದಾಗ, ಸ್ಕಾಟ್ಲೆಂಡಿನ ಸೀಫೋರ್ತ್ ಹೈಲ್ಯಾಂಡರ್ಸ್ ಪಡೆ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಹಡಗು ಹತ್ತಿತು. ಅದು 1781ರ ಜೂನ್. ಆಫ್ರಿಕಾದ ತುದಿಯನ್ನು ಬಳಸಿ ಮದ್ರಾಸು ಮುಟ್ಟಿದ್ದು 1782ರ ಏಪ್ರಿಲ್ 2ರಂದು. ಈ ಹತ್ತು ತಿಂಗಳಲ್ಲಿ 247 ಮಂದಿ ತೀರಿಕೊಂಡಿದ್ದರು. ಪಡೆ ಕಟ್ಟಿದ ಸೀಫೋರ್ತ್ ದೊರೆಯೇ ನಡುದಾರಿಯಲ್ಲಿ ಸತ್ತಿದ್ದ. ಇಳಿದವರಲ್ಲಿ ಬಂದೂಕು ಹಿಡಿಯುವ ತ್ರಾಣವಿದ್ದವರು 369 ಜನ ಮಾತ್ರ. ಅವರಿನ್ನೂ ಹೈದರನ ಒಬ್ಬ ಸವಾರನನ್ನೂ ಕಂಡಿರಲಿಲ್ಲ.

ಅವರನ್ನು ಕೊಂದದ್ದು ಸ್ಕರ್ವಿ. ತಿಂಗಳುಗಟ್ಟಲೆ ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಒಣ ಬಿಸ್ಕತ್ತು, ಪೀಪಾಯಿಯಲ್ಲಿ ಕೊಳೆತ ನೀರು. ಹಸಿ ತರಕಾರಿಯಿಲ್ಲ, ಹಣ್ಣಿಲ್ಲ. ‘ಸಿ’ ಜೀವಸತ್ವ ಸಿಗದೆ ಹೋದರೆ ದೇಹಕ್ಕೆ ತನ್ನ ಅಂಗಾಂಶವನ್ನು ಹೆಣೆದುಕೊಳ್ಳಲು ಆಗುವುದಿಲ್ಲ. ವಸಡು ಊದಿ ರಕ್ತ ಸುರಿಯುತ್ತದೆ, ಹಲ್ಲು ಅಲುಗಾಡುತ್ತವೆ, ಎಂದೋ ಮಾಗಿದ ಗಾಯ ಮತ್ತೆ ಬಾಯಿ ಬಿಡುತ್ತದೆ. ನನ್ನನ್ನು ಕಲಕುವುದು ಇದಕ್ಕೆ ಮದ್ದು ಆಗಲೇ ಗೊತ್ತಿತ್ತು ಎಂಬ ಸಂಗತಿ. 1747ರಲ್ಲೇ ಜೇಮ್ಸ್ ಲಿಂಡ್ ಎಂಬ ವೈದ್ಯ ಹಡಗಿನ 12 ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗ ಚೇತರಿಸಿಕೊಂಡದ್ದನ್ನು ಕಂಡಿದ್ದ, ಪುಸ್ತಕವನ್ನೂ ಬರೆದಿದ್ದ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಹಂಚತೊಡಗಿದ್ದು 1795ರಲ್ಲಿ. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಸುರಿದಿರುವ ನಿಂಬೆಹಣ್ಣು ಕಂಡಾಗೆಲ್ಲ ಆ 247 ಜನ ನೆನಪಾಗುತ್ತಾರೆ.

ಹೀಗೆ ಸತ್ತವರು ಶತ್ರುಗಳ ಕಡೆಯವರಷ್ಟೇ ಅಲ್ಲ. 1786ರ ಮಾರ್ಚಿಯಲ್ಲಿ ಅಘನಾಶಿನಿ ಕಡಲು ಸೇರುವ ತದಡಿಯಿಂದ ಟಿಪ್ಪುವಿನ ನಾಲ್ಕು ಹಡಗುಗಳು ಹೊರಟವು. ಸಿಪಾಯಿಗಳು, ಗುಮಾಸ್ತರು, ಆಳುಗಳು, ನಾವಿಕರು ಸೇರಿ ಸುಮಾರು 900 ಜನ. ಜೊತೆಗೆ ನಾಲ್ಕು ಆನೆ. ಗುಲಾಂ ಅಲಿ ಖಾನನ ಮುಂದಾಳುತನದ ಈ ನಿಯೋಗ ಇಸ್ತಾಂಬುಲ್ಲಿನ ಸುಲ್ತಾನನಿಂದ ಮನ್ನಣೆ, ವ್ಯಾಪಾರದ ಸವಲತ್ತು, ಸೈನ್ಯದ ನೆರವು ಕೇಳಲು ಹೊರಟಿತ್ತು.

ಹಾಯಿಹಡಗಿಗೆ ಗಾಳಿಯೇ ದೊರೆ. ಚಳಿಗಾಲದ ಈಶಾನ್ಯ ಗಾಳಿ ಅರಬ್ಬೀ ತೀರದತ್ತ ಒಯ್ಯುತ್ತದೆ, ಮಾರ್ಚಿಯ ಹೊತ್ತಿಗೆ ಅದು ಸೊರಗುತ್ತದೆ. ಜೂನ್ ಬಂತೆಂದರೆ ನಮ್ಮ ಕರಾವಳಿಯ ಬಂದರುಗಳ ಬಾಗಿಲೇ ಮುಚ್ಚಿದಂತೆ. ಇವರು ಹೊರಟದ್ದು ಋತುವಿನ ಕೊನೆಯಲ್ಲಿ. ಮಸ್ಕತ್ ದಾಟಿ ಪರ್ಷಿಯಾ ಕೊಲ್ಲಿಗೆ ನುಗ್ಗಿದಾಗ ಬೇಸಿಗೆಯ ‘ಶಮಾಲ್’ ಗಾಳಿ ವಾಯವ್ಯದಿಂದ, ಅಂದರೆ ಎದುರಿನಿಂದಲೇ ಬೀಸುವ ಕಾಲ. ಬಸ್ರಾದಿಂದ ನೆಲದ ದಾರಿ ಹಿಡಿದು ಇಸ್ತಾಂಬುಲ್ ಸೇರಿದ್ದು 1787ರಲ್ಲಿ. ಅಷ್ಟರೊಳಗೆ ಹಡಗು ಒಡೆದು ಕೆಲವರು, ಕಾಯಿಲೆಯಿಂದ ಹಲವರು ಸತ್ತಿದ್ದರು. ಉಳಿದವರಲ್ಲಿ ಎಷ್ಟೋ ಜನರನ್ನು ಅಲ್ಲಿ ಚಳಿ ಮತ್ತು ಪ್ಲೇಗು ತಿಂದವು. ಮಾತಿನ ಮರ್ಯಾದೆ ದೊರೆಯಿತು, ಸೈನ್ಯ ದೊರೆಯಲಿಲ್ಲ. ನಾಲ್ಕು ವರ್ಷದ ಹೊತ್ತಿಗೆ ಮೈಸೂರಿನ ನೆಲಕ್ಕೆ ಮರಳಿದವರು ಬೆರಳೆಣಿಕೆಯಷ್ಟು.

ನಿಯೋಗದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ದಿನಚರಿ ಬರೆದಿದ್ದರಿಂದ ಈ ಕತೆ ಉಳಿದಿದೆ. ಶಾಲೆಯ ಪಾಠದಲ್ಲಿ ರಾಕೆಟ್ಟು ಬರುತ್ತದೆ, ಹುಲಿ ಬರುತ್ತದೆ. ತದಡಿಯಲ್ಲಿ ಹಡಗು ಹತ್ತಿದ ಸಿಪಾಯಿ ಬರುವುದಿಲ್ಲ. ಇದು ಸರಿಯಲ್ಲ. ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ: ಆ ಗೋಡೆಚಿತ್ರದ ಮುಂದೆ ನಿಂತಾಗ ತದಡಿಯ ಹೆಸರನ್ನೂ ಹೇಳಿ.